ಗಡಿಯಾಚೆಯ ಕರೆಂಟು

ಪ್ರೊಫೆಸರಮ್ಮನಿಗೆ ಕಾಲೇಜಿನಲ್ಲಿ ಎರಡು ಹೆಸರಿದ್ದವು. ಎದುರಿಗೆ ‘ಮೇಡಂ’, ಬೆನ್ನ ಹಿಂದೆ ‘ಹೊಟ್ಟೆ ಮೇಡಂ’. ಆಕೆ ನೋಡಲು ಕಡ್ಡಿಯ ಹಾಗಿದ್ದರು. ಹೆಸರು ಬಂದದ್ದು ಅವರ ಪಾಠದಿಂದ. ಅಂತರರಾಷ್ಟ್ರೀಯ ಸಂಬಂಧಗಳ ತರಗತಿಯನ್ನು ಪ್ರತಿ ವರ್ಷವೂ ಅವರು ಒಂದೇ ಮಾತಿನಿಂದ ಶುರು ಮಾಡುತ್ತಿದ್ದರು. “ದೇಶಕ್ಕೆ ಹೊಟ್ಟೆ ಇರುತ್ತೆ, ಕರುಳು ಇರಲ್ಲ. ಇಷ್ಟು ಅರ್ಥ ಆದವರು ಪಾಸು, ಉಳಿದವರು ಇನ್ನೊಂದು ಸಲ ಬನ್ನಿ.”

ನಿವೃತ್ತಿಯಾದ ಮೇಲೂ ಪಾಠ ನಿಲ್ಲಲಿಲ್ಲ, ಕೇಳುವವರು ಬದಲಾದರು ಅಷ್ಟೆ. ಈಗ ಅವರ ಮುಂದೆ ಊಟದ ಮೇಜಿಗೆ ಕೂರುತ್ತಿದ್ದವರು ಮಗ ಮತ್ತು ಸೊಸೆ. ಮಗನಿಗೆ ಬೀದಿಯ ಕೊನೆಯಲ್ಲಿ ಒಂದು ಬೇಕರಿ ಇತ್ತು. ಬೆಳಗಾಗುವ ಮುಂಚೆ ಎದ್ದು ಹಿಟ್ಟು ನಾದುವ ಮನುಷ್ಯ. ತಾಯಿಯ ಸಿದ್ಧಾಂತ ಕೇಳುತ್ತಾ ಕೇಳುತ್ತಾ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದ. ಸೊಸೆ ತೂಕಡಿಸುತ್ತಿರಲಿಲ್ಲ. ಅವಳು ವಾದಕ್ಕೆ ಬರುತ್ತಿದ್ದಳು. ಅದಕ್ಕೇ ಪ್ರೊಫೆಸರಮ್ಮನಿಗೆ ಅವಳೆಂದರೆ ಒಳಗೊಳಗೇ ಇಷ್ಟ, ಹೊರಗೆ ಸ್ವಲ್ಪ ಕಷ್ಟ.

ಸೊಸೆ ಕೆಲಸ ಮಾಡುತ್ತಿದ್ದದ್ದು ದೇಶದ ವಿದ್ಯುತ್ ಜಾಲದ ಕಂಟ್ರೋಲ್ ರೂಮಿನಲ್ಲಿ, ಶಿಫ್ಟ್ ಅಧಿಕಾರಿಯಾಗಿ. ಎಲ್ಲಿ ಎಷ್ಟು ಕರೆಂಟು ಹುಟ್ಟುತ್ತಿದೆ, ಎಲ್ಲಿ ಎಷ್ಟು ಖರ್ಚಾಗುತ್ತಿದೆ ಎಂದು ನೋಡಿ, ಎರಡನ್ನೂ ಸರಿತೂಗಿಸುವುದು ಅವಳ ಕೆಲಸ. ಆ ಕೋಣೆಯ ಒಂದು ಗೋಡೆಯ ತುಂಬ ದೇಶದ ವಿದ್ಯುತ್ ಮಾರ್ಗಗಳೆಲ್ಲ ಬಣ್ಣಬಣ್ಣದ ಗೆರೆಗಳಾಗಿ ಹರಡಿಕೊಂಡಿದ್ದವು. ಗೋಡೆಯ ನೆತ್ತಿಯ ಮೇಲೆ ದೊಡ್ಡ ಕೆಂಪು ಅಂಕೆಯಲ್ಲಿ ಫ್ರೀಕ್ವೆನ್ಸಿ, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂಬ ಲೆಕ್ಕ. ಅದು ಐವತ್ತರ ಹತ್ತಿರ ಇರಬೇಕು. ಖರ್ಚು ಹೆಚ್ಚಾಗಿ ಹುಟ್ಟುವಳಿ ಕಡಿಮೆಯಾದರೆ ಇಳಿಯುತ್ತದೆ. ತೀರಾ ಇಳಿದರೆ ಯಂತ್ರಗಳು ಒಂದರ ಹಿಂದೆ ಒಂದು ತಾವಾಗಿಯೇ ನಿಂತುಬಿಡುತ್ತವೆ, ಇಡೀ ದೇಶ ಕತ್ತಲಾಗುತ್ತದೆ.

ಗೋಡೆಯ ಬಲತುದಿಯಲ್ಲಿ ಒಂದೇ ಒಂದು ಗೆರೆ ಚೌಕಟ್ಟು ದಾಟಿ ಹೊರಗೆ ಹೋಗುತ್ತಿತ್ತು. ಅದು ಟೈ ಲೈನ್. ಗಡಿಯಾಚೆಯ ದೇಶದ ಜಾಲವನ್ನೂ ಈ ಜಾಲವನ್ನೂ ಸೇರಿಸುವ ತಂತಿ. ಅವರದು ಗುಡ್ಡಗಾಡು, ಅಣೆಕಟ್ಟುಗಳ ದೇಶ. ಇವರದು ಬಯಲು, ಕಲ್ಲಿದ್ದಲಿನ ದೇಶ. ಮಳೆಗಾಲದಲ್ಲಿ ಅವರ ಕರೆಂಟು ಇಳಿದು ಬರುತ್ತಿತ್ತು, ಬೇಸಿಗೆಯಲ್ಲಿ ಇವರದು ಹತ್ತಿ ಹೋಗುತ್ತಿತ್ತು.

ಆ ಕಡೆಯ ಕಂಟ್ರೋಲ್ ರೂಮಿನಲ್ಲಿ ಅವಳಂಥವರೇ ಒಬ್ಬ ಅಧಿಕಾರಿ. ಮುಖ ನೋಡಿದವಳಲ್ಲ. ಫೋನಿನಲ್ಲಿ ಕೇಳುವ ಗೊಗ್ಗರು ದನಿಯಷ್ಟೇ ಪರಿಚಯ. ಹಾಗಾಗಿ ಮನೆಯಲ್ಲಿ ಅವರ ಹೆಸರು ‘ಗೊಗ್ಗರಣ್ಣ’ ಎಂದಾಗಿತ್ತು. ಇಬ್ಬರಿಗೂ ಸ್ವಂತದ್ದಲ್ಲದ ಒಂದು ಭಾಷೆಯಲ್ಲಿ, ಇಬ್ಬರೂ ಸರಿಸಮನಾಗಿ ತಪ್ಪು ಮಾಡುತ್ತಾ, ವರ್ಷಗಟ್ಟಲೆ ದಿನಕ್ಕೆರಡು ಸಲ ಮಾತಾಡಿಕೊಂಡು ಬಂದಿದ್ದರು.

“ಅತ್ತೆ, ಆ ಕಡೆ ಯಂತ್ರ, ಈ ಕಡೆ ಯಂತ್ರ ಒಂದೇ ಲಯದಲ್ಲಿ ತಿರುಗ್ತವೆ,” ಎಂದು ಸೊಸೆ ಒಮ್ಮೆ ಹೇಳಿದ್ದಳು. “ಅಲ್ಲಿ ಒಬ್ಬರು ಎಡವಿದ್ರೆ ಇಲ್ಲಿ ನಮ್ಮ ಕಾಲು ನಡುಗುತ್ತೆ. ಇದಕ್ಕೆ ನಿಮ್ಮ ಪುಸ್ತಕದಲ್ಲಿ ಏನಂತಾರೆ?”

“ಪರಸ್ಪರ ಅವಲಂಬನೆ ಅಂತಾರೆ. ಕೇಳೋಕೆ ಚೆನ್ನಾಗಿದೆ. ಆದರೆ ಅದು ಸ್ನೇಹ ಅಲ್ಲಮ್ಮ, ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತು.”

“ಎತ್ತುಗಳು ಹೊಲ ಉಳ್ತಾವಲ್ಲ ಅತ್ತೆ.”

“ಚಾಟಿ ಹಿಡಿದವನು ಒಬ್ಬ ಹಿಂದೆ ಇರ್ತಾನೆ. ದೇಶಗಳ ಹಿಂದೆ ಯಾರಿದ್ದಾರೆ? ಯಾರೂ ಇಲ್ಲ. ಒಂದು ಎತ್ತಿಗೆ ಸಿಟ್ಟು ಬಂದರೆ ಹಗ್ಗ ಕಿತ್ಕೊಂಡು ಹೋಗುತ್ತೆ.”

ಆ ವರ್ಷ ಎತ್ತುಗಳಿಗೆ ನಿಜಕ್ಕೂ ಸಿಟ್ಟು ಬಂತು. ಗಡಿಯ ಸುಂಕದ ವಿಷಯಕ್ಕೆ ಶುರುವಾದ ಜಗಳ, ಲಾರಿಗಳನ್ನು ತಡೆಯುವವರೆಗೆ ಬಂತು. ಅವರು ಇವರ ಸಿಮೆಂಟು ನಿಲ್ಲಿಸಿದರು, ಇವರು ಅವರ ಹಣ್ಣು ನಿಲ್ಲಿಸಿದರು. ಹಣ್ಣು ಗಡಿಯಲ್ಲಿ ಕೊಳೆಯಿತು, ಸಿಮೆಂಟು ಗೋದಾಮಿನಲ್ಲಿ ಗಟ್ಟಿಯಾಯಿತು. ಕೊನೆಗೆ ಸರ್ಕಾರ ವಿದ್ಯುತ್ತಿನ ತುರ್ತು ನೆರವಿನ ಒಪ್ಪಂದವನ್ನೂ ಅಮಾನತಿನಲ್ಲಿಟ್ಟಿತು. ಮಾಮೂಲಿ ಕೊಡುಕೊಳ್ಳುವಿಕೆ ನಡೆಯಬಹುದು. ಆದರೆ ಆ ಕಡೆ ಅವಘಡವಾದರೆ ಕೈಹಿಡಿಯುವ ಹಂಗು ಇವರಿಗಿಲ್ಲ. ನಮ್ಮ ಜಾಲಕ್ಕೆ ಅಪಾಯವೆಂದು ಕಂಡರೆ ಟೈ ಲೈನ್ ಬಿಡಿಸಬಹುದು, ನಿರ್ಧಾರ ಶಿಫ್ಟ್ ಅಧಿಕಾರಿಯದು ಎಂದು ಆದೇಶ ಬಂತು.

“ನಾನು ಹೇಳಿರ್ಲಿಲ್ವಾ?” ಎಂದರು ಪ್ರೊಫೆಸರಮ್ಮ. ಆದರೆ ಗೆದ್ದ ಖುಷಿ ಆ ದನಿಯಲ್ಲಿ ಇರಲಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ. ಊರೆಲ್ಲ ಫ್ಯಾನು, ಕೂಲರು ತಿರುಗುವ ಹೊತ್ತು. ಕಂಟ್ರೋಲ್ ರೂಮಿನಲ್ಲಿ ಸೊಸೆ ಚಹಾದ ಲೋಟ ಕೈಗೆತ್ತಿಕೊಂಡಿದ್ದಳು. ಗೋಡೆಯ ಮೇಲಿನ ಕೆಂಪು ಅಂಕೆ ಕಳ್ಳನ ಹಾಗೆ ಕೆಳಗಿಳಿಯಿತು. ಮತ್ತೆ ಇಳಿಯಿತು. ಟೈ ಲೈನಿನ ಗೆರೆ ಹಳದಿಯಾಗಿ, ಕಿತ್ತಳೆಯಾಯಿತು. ಈ ಕಡೆಯ ಕರೆಂಟು ಆ ಕಡೆಗೆ ಧುಮ್ಮಿಕ್ಕುತ್ತಿತ್ತು. ಅಷ್ಟರಲ್ಲಿ ಗಡಿಯ ಫೋನು ಹೊಡೆದುಕೊಂಡಿತು.

“ದೊಡ್ಡ ಅಣೆಕಟ್ಟಿನ ಪವರ್‌ಹೌಸ್ ಪೂರ್ತಿ ಹೋಯ್ತು,” ಎಂದಿತು ಗೊಗ್ಗರು ದನಿ. “ಟ್ರಾನ್ಸ್‌ಫಾರ್ಮರಿಗೆ ಬೆಂಕಿ ಬಿದ್ದಿದೆ. ನಮ್ಮಲ್ಲಿ ಎಷ್ಟು ಊರಿನ ಕರೆಂಟು ಕತ್ತರಿಸಬಹುದೋ ಅಷ್ಟು ಕತ್ತರಿಸ್ತಾ ಇದ್ದೀನಿ, ಸಾಲ್ತಾ ಇಲ್ಲ. ನಿಮಗೆ ಬಂದಿರೋ ಆದೇಶ ನನಗೂ ಗೊತ್ತು. ಲೈನ್ ಬಿಡಿಸೋ ಮುಂಚೆ ಒಂದು ಮಾತು ಹೇಳಿಬಿಡಿ, ಅಷ್ಟೇ. ಆಸ್ಪತ್ರೆಗಳಿಗೆ ತಿಳಿಸಬೇಕು.”

ಆತ ಬೇಡಲಿಲ್ಲ. ಕೇಳಿದ್ದು ಒಂದು ಮಾತನ್ನು ಮಾತ್ರ.

ಪಕ್ಕದ ಮೇಜಿನ ಸಹಾಯಕ ಎಂಜಿನಿಯರು, ತಲೆ ನರೆತ ಶಾಂತ ಮನುಷ್ಯ, ಆಗಲೇ ಕೈಯನ್ನು ಲೈನ್ ಬಿಡಿಸುವ ಕೀಲಿಯ ಹತ್ತಿರ ಒಯ್ದಿದ್ದರು. “ಮೇಡಂ, ಬಿಡಿಸ್ಲಾ?”

ಬಿಡಿಸಿದರೆ ಈ ದೇಶ ಬಚಾವು, ಬಹುಶಃ. ಅಷ್ಟು ಕರೆಂಟು ಒಮ್ಮೆಲೇ ಹೊರಗೆ ಹೋಗುವುದು ನಿಂತರೆ ಇಲ್ಲಿನ ಯಂತ್ರಗಳೂ ಒಂದು ಸಲ ಮುಗ್ಗರಿಸುತ್ತವೆ, ಸಂಭಾಳಿಸಿಕೊಳ್ಳಬಹುದು. ಆ ಕಡೆ ಮಾತ್ರ ಪೂರ್ತಿ ಕತ್ತಲು. ಪೂರ್ತಿ ಆರಿದ ಜಾಲವನ್ನು ಮತ್ತೆ ಎಬ್ಬಿಸಲು ಒಂದಿಡೀ ದಿನ ಬೇಕು.

“ನಿಮ್ಮ ಚಿಕ್ಕ ಅಣೆಕಟ್ಟುಗಳು ಶುರುವಾಗೋಕೆ ಎಷ್ಟು ಹೊತ್ತು?” ಎಂದು ಅವಳು ಫೋನಿಗೆ ಕೇಳಿದಳು.

“ಅರ್ಧ ಗಂಟೆ. ಹೆಚ್ಚೂಕಡಿಮೆ.”

“ಅಲ್ಲಿವರೆಗೆ ಹಿಡ್ಕೋತೀನಿ. ನೀವು ಕತ್ತರಿಸೋದು ನಿಲ್ಲಿಸಬೇಡಿ.”

ಆ ಕಡೆ ಫೋನು ಇಟ್ಟ ಶಬ್ದ.

ಹಿಡಿದುಕೊಳ್ಳಬೇಕಾದರೆ ಇಲ್ಲಿಯೂ ಖರ್ಚು ಇಳಿಯಬೇಕು. ಕಲ್ಲಿದ್ದಲಿನ ಯಂತ್ರಗಳು ಎಮ್ಮೆಗಳ ಹಾಗೆ, ಎಷ್ಟು ಹೊಡೆದರೂ ಓಡುವುದಿಲ್ಲ. ಅವಳು ಆಸ್ಪತ್ರೆ ಇಲ್ಲದ ಬಡಾವಣೆಗಳ ಕರೆಂಟನ್ನು ಸರದಿಯ ಪ್ರಕಾರ ತೆಗೆದಳು. ಸಹಾಯಕರು ಪರದೆಯನ್ನು ನೋಡಿ ಗಂಟಲು ಸರಿಮಾಡಿಕೊಂಡರು.

“ಮೇಡಂ, ಇದರಲ್ಲಿ ನಿಮ್ಮ ಬಡಾವಣೆನೂ ಇದೆ.”

“ಸರದಿ ಅದರದ್ದೇ ಅಲ್ವಾ? ತೆಗೀರಿ.”

ಅಂಕೆ ಇಳಿಯುವುದು ನಿಂತಿತು. ಅಲ್ಲೇ ನಡುಗುತ್ತಾ ನಿಂತಿತು. ಆಮೇಲೆ ಕೂದಲೆಳೆಯಷ್ಟು ಮೇಲೆ ಹತ್ತಿತು. ಲೋಟದಲ್ಲಿ ಚಹಾ ತಣ್ಣಗಾಗಿ ಕೆನೆ ಕಟ್ಟಿತ್ತು.

ಅದೇ ಹೊತ್ತಿಗೆ ಪ್ರೊಫೆಸರಮ್ಮ ತರಕಾರಿ ಚೀಲ ಹಿಡಿದುಕೊಂಡು ಲಿಫ್ಟಿನಲ್ಲಿ ಎರಡನೇ ಮತ್ತು ಮೂರನೇ ಮಹಡಿಯ ನಡುವೆ ನಿಂತಿದ್ದರು. ಲಿಫ್ಟು ನಿಂತಿದ್ದರಿಂದ ಅವರೂ ನಿಂತಿದ್ದರು. ಜೊತೆಯಲ್ಲಿ ಮೇಲಿನ ಮನೆಯ ‘ರೇಡಿಯೋ’. ಊರಿನ ಸುದ್ದಿಯನ್ನೆಲ್ಲ ಯಾರೂ ಕೇಳದೆಯೇ ಬಿತ್ತರಿಸುವ ಮನುಷ್ಯನಾದ್ದರಿಂದ ಆ ಹೆಸರು.

“ಇದು ಗಡಿಯಾಚೆಯವರದೇ ಕಿತಾಪತಿ,” ಎಂದ ರೇಡಿಯೋ ಕತ್ತಲಲ್ಲಿ.

“ಅವರಿಗೆ ನಮ್ಮ ಲಿಫ್ಟಿನ ಮೇಲೇನ್ರೀ ಕಣ್ಣು?”

“ನೀವೇ ಹೇಳ್ತಿರ್ತೀರಲ್ಲ, ದೇಶಕ್ಕೆ ಕರುಳಿಲ್ಲ ಅಂತ.”

“ಕರುಳಿಲ್ಲ ಅಂದೆ. ಬೇರೆ ಕೆಲಸ ಇಲ್ಲ ಅಂದೆನಾ?”

ಕಾವಲುಗಾರ ಕೀಲಿ ತಂದು ಬಾಗಿಲು ಸರಿಸಿ, ಇಬ್ಬರನ್ನೂ ಕೈಹಿಡಿದು ಎಳೆದುಕೊಳ್ಳುವಷ್ಟರಲ್ಲಿ ಪ್ರೊಫೆಸರಮ್ಮನ ಸೀರೆಗೆ ಟೊಮೆಟೊ ರಸ, ಬಾಯಲ್ಲಿ ವಿದ್ಯುತ್ ಇಲಾಖೆಯ ಸಹಸ್ರನಾಮ. ಅತ್ತ ಬೇಕರಿಯಲ್ಲಿ ಮಗನ ಕರೆಂಟಿನ ಒಲೆ ಆರಿ, ಉಬ್ಬುತ್ತಿದ್ದ ಬ್ರೆಡ್ಡುಗಳೆಲ್ಲ ಹೊಟ್ಟೆ ಕುಸಿದು ಚಪ್ಪಟೆಯಾಗಿದ್ದವು.

ಸಂಜೆ ಸೊಸೆ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ನಡೆದದ್ದನ್ನು ಹೇಳಿದಳು. ಏನನ್ನೂ ಮುಚ್ಚಿಡಲಿಲ್ಲ. ಮಗ ಕುಸಿದ ಬ್ರೆಡ್ಡೊಂದನ್ನು ಮೇಜಿನ ಮೇಲಿಟ್ಟು, “ನಿನ್ನ ವಿದೇಶಾಂಗ ನೀತಿ ಇದು. ಜಾಮ್ ಹಚ್ಕೊಂಡು ತಿನ್ನು,” ಎಂದ. ಅವಳು ನಗಬೇಕೋ ಅಳಬೇಕೋ ತಿಳಿಯದೆ ನಿಜಕ್ಕೂ ಹಚ್ಚಿಕೊಂಡು ತಿಂದಳು. ಬೆಳಗ್ಗೆಯಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲ.

ಪ್ರೊಫೆಸರಮ್ಮ ಕೇಳಿದರು. “ನಮ್ಮ ಬಡಾವಣೆಯನ್ನ ನೀನೇ ತೆಗೆದ್ಯಾ?”

“ಹೌದು ಅತ್ತೆ.”

“ನಾನು ಲಿಫ್ಟಲ್ಲಿರಬಹುದು ಅಂತ ಅನ್ನಿಸ್ಲಿಲ್ವಾ?”

“ಯಾರಾದ್ರೂ ಇರ್ತಾರೆ ಅಂತ ಅನ್ನಿಸ್ತು. ನೀವು ಅಂತ ಅನ್ನಿಸ್ಲಿಲ್ಲ.”

“ಅನ್ನಿಸಿದ್ರೆ?”

ಸೊಸೆ ಬ್ರೆಡ್ಡನ್ನು ಕೆಳಗಿಟ್ಟಳು. “ಆಗ್ಲೂ ತೆಗೀತಿದ್ದೆ ಅತ್ತೆ.”

“ಹೂಂ,” ಎಂದರು ಪ್ರೊಫೆಸರಮ್ಮ. ತಾವು ಬಯಸಿದ್ದ ಉತ್ತರವೇ ಸಿಕ್ಕ ಪರೀಕ್ಷಕರ ಹಾಗೆ ಎದ್ದುಹೋಗಿ ಸೀರೆ ನೆನೆಹಾಕಿದರು.

ಸುದ್ದಿ ಹೊರಬಿತ್ತು. ಪತ್ರಿಕೆಯೊಂದು ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂದು ದಪ್ಪ ಅಕ್ಷರದಲ್ಲಿ ಹಾಕಿತು. ನಮ್ಮ ಸಿಮೆಂಟು ತಡೆದವರಿಗೆ ನಮ್ಮ ಕರೆಂಟೇ ಎಂದು ಭಾಷಣಗಳಾದವು. ರೇಡಿಯೋ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ತಾನು ಆ ದಿನ ಕತ್ತಲಲ್ಲಿ ಪಟ್ಟ ಪಾಡು ಹೇಳಿದ. ಪ್ರತಿ ಸಲವೂ ಲಿಫ್ಟು ಒಂದೊಂದು ಮಹಡಿ ಮೇಲೆ ಹೋಗುತ್ತಿತ್ತು. ಒಂದು ವಾರದೊಳಗೆ ವಿಚಾರಣಾ ಸಮಿತಿ ನೇಮಕವಾಯಿತು. ಸೊಸೆಗೆ ಹಾಜರಾಗಲು ಹೇಳಿದರು.

ಪ್ರೊಫೆಸರಮ್ಮ ಊಟದ ಮೇಜನ್ನು ಒರೆಸಿ, ಕನ್ನಡಕ ಹಾಕಿಕೊಂಡು, ಸೊಸೆಯನ್ನು ಎದುರಿಗೆ ಕೂರಿಸಿಕೊಂಡರು. “ಈಗ ನಾನೇ ಸಮಿತಿ. ಹೇಳಿ, ಯಾಕೆ ಲೈನ್ ಬಿಡಿಸಲಿಲ್ಲ?”

“ಅಲ್ಲಿ ಆಸ್ಪತ್ರೆಗಳಿದ್ವು.”

“ಅದು ನಿಜ. ಹೇಳಲೂಬೇಕು. ಮೊದಲು ಹೇಳಬೇಡ. ಕರುಣೆ ಅಂದ ಕೂಡಲೇ ಅವರು ನಿನ್ನನ್ನ ಒಳ್ಳೆಯವಳು ಅಂತ ಒಪ್ಪಿ, ಕೆಲಸಕ್ಕೆ ಬಾರದವಳು ಅಂತ ತೀರ್ಪು ಕೊಡ್ತಾರೆ. ಇನ್ನೊಂದು ಸಲ.”

ಸೊಸೆ ಯೋಚಿಸಿದಳು. “ಮಳೆಗಾಲದಲ್ಲಿ ನಮಗೆ ಅವರ ಕರೆಂಟು ಬೇಕು. ನಮ್ಮ ಕಲ್ಲಿದ್ದಲು ಒದ್ದೆಯಾಗೋ ಕಾಲ ಅದು.”

“ಹಾಂ! ಈಗ ಬಂದೆ ದಾರಿಗೆ.” ಪ್ರೊಫೆಸರಮ್ಮನ ಕಣ್ಣು ಹೊಳೆಯಿತು. “ನೋಡು, ಒಂದೇ ಸಲ ಎದುರಾಗಿ ಮತ್ತೆ ಕಾಣದವರು ಒಬ್ಬರಿಗೊಬ್ಬರು ಟೋಪಿ ಹಾಕ್ತಾರೆ. ನಾಳೆ ಮತ್ತೆ ಮುಖ ನೋಡಬೇಕಾದವರು ಯೋಚನೆ ಮಾಡ್ತಾರೆ. ಮೇಲೆ ದೊಣ್ಣೆ ಹಿಡಿದವರು ಯಾರೂ ಇಲ್ಲದಿದ್ರೂ ದೇಶಗಳು ಕೂಡಿ ನಡೆಯೋದು ಇದರಿಂದ. ನಾಳೆಯ ಭಯ, ನಾಳೆಯ ಆಸೆ. ಮೊದಲ ಹೆಜ್ಜೆ ಒಳ್ಳೇದಿಡಬೇಕು. ಅವರು ಕೈಕೊಟ್ರೆ ನಾವೂ ಕೊಡ್ತೀವಿ ಅಂತ ಗೊತ್ತಿರಬೇಕು. ಸರಿಮಾಡ್ಕೊಂಡ್ರೆ ಹಳೇದನ್ನ ಎತ್ತಬಾರದು.”

“ಇದನ್ನ ನೀವೇ ಕಾಲೇಜಲ್ಲಿ ಪಾಠ ಮಾಡ್ತಿದ್ರಾ ಅತ್ತೆ?”

“ಮಾಡ್ತಿದ್ದೆ. ವರ್ಷದ ಕೊನೇ ತಿಂಗಳಲ್ಲಿ. ಅಷ್ಟೊತ್ತಿಗೆ ಹುಡುಗರೆಲ್ಲ ಮೊದಲ ದಿನದ ವಾಕ್ಯ ಬರ್ಕೊಂಡು ಸಾಕು ಅಂತ ಹೋಗಿರೋರು.”

“ಹಾಗಾದ್ರೆ ಕರುಳಿಲ್ಲ ಅನ್ನೋದು?”

“ಕರುಳಿಲ್ಲ. ಆದರೆ ಹೊಟ್ಟೆಗೆ ನಾಳೆಯ ಹಸಿವೂ ಗೊತ್ತಿದ್ರೆ, ದೂರದಿಂದ ನೋಡೋರಿಗೆ ಅದು ಕರುಳಿನ ಹಾಗೇ ಕಾಣುತ್ತೆ.”

ಮಗ ಆ ದಿನ ತೂಕಡಿಸಲಿಲ್ಲ. ಅತ್ತೆ ಸೊಸೆ ಒಂದೇ ಪಕ್ಷದಲ್ಲಿ ಕೂತದ್ದನ್ನು ನೋಡಿ, ಈ ಮೈತ್ರಿ ನಾಳೆ ತನ್ನ ಮೇಲೆ ತಿರುಗಿದರೆ ಗತಿಯೇನು ಎಂದು ಯೋಚಿಸುತ್ತಾ ಪಾತ್ರೆ ತೊಳೆದ.

ವಿಚಾರಣೆಯ ದಿನ ಪ್ರೊಫೆಸರಮ್ಮನೂ ಹೊರಟರು. ಒಳಗೆ ಬಿಡಲಿಲ್ಲ. ಕಾರಿಡಾರಿನ ಬೆಂಚಿನ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತರು. ಒಳಗೆ ಉದ್ದನೆಯ ಮೇಜಿನ ಹಿಂದೆ ನಿವೃತ್ತ ನ್ಯಾಯಾಧೀಶರು ನಡುವೆ, ಎಡಕ್ಕೆ ಮುಖ್ಯ ಎಂಜಿನಿಯರು, ಬಲಕ್ಕೆ ಇಲಾಖೆಯ ಕಾರ್ಯದರ್ಶಿ. ಮೂವರೂ ಒರಟರಲ್ಲ. ಸೊಸೆ ಹೇಳಿದ್ದನ್ನು ಪೂರ್ತಿ ಕೇಳಿದರು, ಮುಖ್ಯ ಎಂಜಿನಿಯರು ನಡುನಡುವೆ ಎರಡು ಸಲ ಒಪ್ಪಿದಂತೆ ತಲೆಯನ್ನೂ ಆಡಿಸಿದರು.

ಕೊನೆಗೆ ನ್ಯಾಯಾಧೀಶರು ಕೇಳಿದರು. “ಇನ್ನೊಂದು ಸಲ ಹೀಗೇ ಆದರೆ ಹೀಗೇ ಮಾಡ್ತೀರಾ?”

ಆದೇಶದ ಪ್ರಕಾರ ನಡೆಯುತ್ತೇನೆ ಎಂದಿದ್ದರೆ ಮುಗಿಯುತ್ತಿತ್ತು. ಅಭ್ಯಾಸದಲ್ಲಿ ಅತ್ತೆ ಹಾಗೆಯೇ ಹೇಳಿಸಿದ್ದರು. ಆದರೆ ಬಾಯಿಗೆ ಬಂದದ್ದು ಬೇರೆ.

“ಅವರೂ ನಮಗೆ ಹೀಗೇ ಮಾಡಿದರೆ, ಮಾಡ್ತೀನಿ ಸರ್. ಮಾಡದಿದ್ದರೆ, ಮುಂದಿನ ಸಲ ಆ ಕ್ಷಣವೇ ಲೈನ್ ಬಿಡಿಸ್ತೀನಿ.”

“ಅವರು ಮಾಡ್ತಾರೆ ಅಂತ ಏನು ಖಾತ್ರಿ?”

“ಖಾತ್ರಿ ಇಲ್ಲ ಸರ್. ಯಾರಾದರೂ ಒಬ್ಬರು ಮೊದಲು ಮಾಡಿ ನೋಡಬೇಕು. ನಾನು ಮಾಡಿದೆ.”

ಹೊರಗೆ ಬಂದು ಅತ್ತೆಗೆ ಹಾಗೇ ಒಪ್ಪಿಸಿದಳು. ಪ್ರೊಫೆಸರಮ್ಮ ಬೈಯುತ್ತಾರೆಂದುಕೊಂಡಿದ್ದಳು. ಅವರು ಚೀಲದಿಂದ ನೀರಿನ ಬಾಟಲಿ ತೆಗೆದುಕೊಟ್ಟು, “ಕುಡಿ. ನಾನಾಗಿದ್ದರೂ ಅದನ್ನೇ ಹೇಳಿ ಕೆಲಸ ಕಳ್ಕೊಳ್ತಿದ್ದೆ,” ಎಂದರು.

ಕೆಲಸ ಹೋಗಲಿಲ್ಲ. ಆದರೆ ಕಂಟ್ರೋಲ್ ರೂಮಿನಿಂದ ಎತ್ತಿ, ಹೊಸ ನೌಕರರಿಗೆ ಪಾಠ ಹೇಳುವ ತರಬೇತಿ ವಿಭಾಗಕ್ಕೆ ಹಾಕಿದರು. ಇದನ್ನು ಕೇಳಿ ಪ್ರೊಫೆಸರಮ್ಮನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. “ಪಾಠ ಮಾಡೋದು ಶಿಕ್ಷೆನಾ? ಹಾಗಾದ್ರೆ ನಾನು ಜೀವನಪೂರ್ತಿ ಜೈಲಲ್ಲಿದ್ದೆನಾ?” ಎಂದು ಮನೆಯೆಲ್ಲ ಓಡಾಡಿದರು. ಸೊಸೆ ಮಾತ್ರ ಎದೆಯುಬ್ಬಿಸಿಯೇ ಕೆಲಸಕ್ಕೆ ಹೋದಳು. ಬೆಳಗ್ಗೆ ಕಂಟ್ರೋಲ್ ರೂಮಿನ ಬಾಗಿಲ ಮುಂದೆ ಹಾದು ಹೋಗುವಾಗ ಮಾತ್ರ, ಬಿಟ್ಟುಕೊಟ್ಟ ಮನೆಯ ಮುಂದೆ ಹಾದಂತೆ, ಹೆಜ್ಜೆ ತುಸು ಬೇಗ ಹಾಕುತ್ತಿದ್ದಳು.

ಮಳೆಗಾಲ ಬಂತು. ಸುಂಕದ ಜಗಳ ಇನ್ನೂ ಬಗೆಹರಿದಿರಲಿಲ್ಲ. ಒಂದು ದಿನ, ಬೆಳಗಿನ ತರಗತಿಯ ನಡುವೆ, ತರಬೇತಿ ಕೋಣೆಯ ಗೋಡೆಯ ಮೇಲಿದ್ದ ಚಿಕ್ಕ ಪರದೆಯಲ್ಲಿ ಅಂಕೆ ಕುಸಿಯತೊಡಗಿತು. ಬೆನ್ನು ಹಾಕಿ ನಿಂತಿದ್ದ ಸೊಸೆಗೆ ಅದು ಗೊತ್ತಾದದ್ದು ನೌಕರರ ಮುಖ ನೋಡಿ.

ದೇಶದ ಅತಿ ದೊಡ್ಡ ಕಲ್ಲಿದ್ದಲು ಸ್ಥಾವರಕ್ಕೆ ನೀರು ಎಳೆಯುವ ಬಾಯಿಗೆ ಪ್ರವಾಹದ ಕಸಕಡ್ಡಿ, ಮರಗಳು ಬಂದು ಕಟ್ಟಿಕೊಂಡು, ಯಂತ್ರಗಳು ಒಂದರ ಹಿಂದೆ ಒಂದು ನಿಂತಿದ್ದವು. ಕಂಟ್ರೋಲ್ ರೂಮಿನಲ್ಲಿ ಈಗ ಅಧಿಕಾರಿ ಆ ತಲೆ ನರೆತ ಸಹಾಯಕರೇ. ಅವರು ಊರುಗಳನ್ನು ಕತ್ತರಿಸುತ್ತಿದ್ದರು. ಸಾಲುತ್ತಿರಲಿಲ್ಲ. ಇನ್ನು ಗಡಿಯಾಚೆಯವರು ಲೈನ್ ಬಿಡಿಸಿದರೆ ಎಲ್ಲ ಮುಗಿಯಿತು. ಬಿಡಿಸಲು ಅವರಿಗೆ ಕಾರಣವೂ ಇತ್ತು, ಅವರ ಸರ್ಕಾರದಿಂದಲೂ ಇಂಥದೇ ಆದೇಶ ಬಂದಿತ್ತು.

ತರಬೇತಿ ಕೋಣೆಯಲ್ಲಿ ಎಲ್ಲರ ಕಣ್ಣೂ ಪರದೆಯ ಮೇಲೆ. ಸೊಸೆಯ ಕೈಯಲ್ಲಿ ಸೀಮೆಸುಣ್ಣ. ಕೀಲಿಯಿಲ್ಲ, ಫೋನಿಲ್ಲ. ಅಂಕೆ ಇಳಿಯಿತು. ಇಳಿಯಿತು. ನಿಂತಿತು.

ಆಮೇಲೆ ನಿಧಾನವಾಗಿ ಹತ್ತತೊಡಗಿತು.

“ಯಾರು ಎತ್ತಿದ್ದು ಮೇಡಂ?” ಎಂದಳು ಮುಂದಿನ ಸಾಲಿನ ಹೊಸ ಎಂಜಿನಿಯರು.

ಸೊಸೆ ಸೀಮೆಸುಣ್ಣ ಹಿಡಿದ ಕೈಯನ್ನು ಗೋಡೆಯ ಕಡೆಗೆ ಚಾಚಿದಳು. ಪರದೆಯಲ್ಲಿ ಟೈ ಲೈನಿನ ಗೆರೆ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಕರೆಂಟು ಆ ಕಡೆಯಿಂದ ಈ ಕಡೆಗೆ ಧುಮ್ಮಿಕ್ಕುತ್ತಿತ್ತು.

ಸ್ವಲ್ಪ ಹೊತ್ತಿನಲ್ಲಿ ನರೆತ ತಲೆಯ ಸಹಾಯಕರು ಓಡುತ್ತಾ ಬಂದರು. ಅವರು ಓಡಿದ್ದನ್ನು ಆ ಕಟ್ಟಡದಲ್ಲಿ ಯಾರೂ ಕಂಡಿರಲಿಲ್ಲ. “ಮೇಡಂ, ಬನ್ನಿ. ಗಡಿ ಫೋನು. ನಿಮ್ಮ ಹತ್ತಿರವೇ ಮಾತಾಡಬೇಕಂತೆ. ಬೇರೆ ಯಾರ ಹತ್ತಿರವೂ ಆಗಲ್ಲವಂತೆ.”

ಕಂಟ್ರೋಲ್ ರೂಮಿನಲ್ಲಿ ಎಲ್ಲರೂ ಎದ್ದು ನಿಂತಿದ್ದರು. ಅವಳು ಫೋನು ತೆಗೆದುಕೊಂಡಳು.

“ನಿಮ್ಮ ದನಿ ಕೇಳಿ ಎಷ್ಟು ದಿನ ಆಯ್ತು!” ಎಂದಿತು ಗೊಗ್ಗರು ದನಿ. “ಇವತ್ತು ನಮ್ಮ ಊರಿನ ಸರದಿ. ಬಿಡುವಾಗಿದ್ದ ಟರ್ಬೈನುಗಳು ತಿರುಗೋವರೆಗೆ ರಾಜಧಾನಿಯ ಅರ್ಧ ತೆಗೆದೆ. ನನ್ನ ಮನೆಯೂ ಅದರಲ್ಲೇ. ಹೆಂಡತಿ ಆಗ್ಲೇ ಫೋನ್ ಮಾಡಿ ಬೈದಳು.”

“ನಮ್ಮ ಅತ್ತೆ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ರು, ಆವತ್ತು,” ಎಂದಳು ಸೊಸೆ. ಅಷ್ಟು ಹೇಳುವಷ್ಟರಲ್ಲಿ ನಗುವೂ ಕಣ್ಣೀರೂ ಒಟ್ಟಿಗೇ ಬಂದವು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ನರೆತ ತಲೆಯ ಸಹಾಯಕರು ತಮ್ಮ ಕುರ್ಚಿಯನ್ನು ಕೈಯಿಂದ ಒರೆಸಿ ಅವಳ ಕಡೆಗೆ ತಿರುಗಿಸಿದರು. “ಇದು ನಿಮ್ದು ಮೇಡಂ. ನಾನು ಕಾಯ್ಕೊಂಡಿದ್ದೆ ಅಷ್ಟೇ.”

ಮರುದಿನ ಪತ್ರಿಕೆಗಳು ಗಾದೆ ಹುಡುಕಲಿಲ್ಲ. ಗಡಿಯಾಚೆಯ ರಾಜಧಾನಿಯ ಕತ್ತಲ ಬೀದಿಗಳ ಚಿತ್ರ ಹಾಕಿದವು. ರೇಡಿಯೋ ಎರಡು ದಿನ ಮೌನವಾಗಿದ್ದು, ಮೂರನೆಯ ದಿನ, ಆ ಲಿಫ್ಟಿನಲ್ಲಿ ತಾನು ಎರಡು ದೇಶಗಳ ಒಳಿತಿಗಾಗಿ ಹೇಗೆ ಸಹಿಸಿಕೊಂಡೆ ಎಂದು ಹೇಳತೊಡಗಿದ.

ಸರ್ಕಾರಗಳು ಮೆಲ್ಲಗೆ ಕೂತು ಮಾತಾಡಿದವು. ಸುಂಕದ ವಿಷಯ ಬಗೆಹರಿಯಲಿಲ್ಲ. ಹಣ್ಣು, ಸಿಮೆಂಟುಗಳ ಜಗಳ ಹಾಗೇ ಉಳಿಯಿತು. ಆದರೆ ಕರೆಂಟನ್ನು ಆ ಜಗಳಕ್ಕೆ ಎಳೆಯುವುದಿಲ್ಲ ಎಂದು ಇಬ್ಬರೂ ಒಪ್ಪಿದರು. ಹೊಸ ಒಪ್ಪಂದದ ಕರಡು ಬರೆಯಲು ಎರಡೂ ಕಡೆಯ ಕಂಟ್ರೋಲ್ ರೂಮಿನವರನ್ನೇ ಕೇಳಿದರು. ಸೊಸೆಯೂ ಗೊಗ್ಗರಣ್ಣನೂ ಫೋನಿನಲ್ಲೇ ಕೂತು ಬರೆದರು. ನೆರವು ಕೊಡುವವರು ತಮ್ಮ ಊರನ್ನು ಕತ್ತರಿಸಿಯಾದರೂ ಕೊಡಬೇಕು, ಕೇಳುವವರು ಅದಕ್ಕೆ ಮುಂಚೆ ತಮ್ಮ ಊರನ್ನು ಕತ್ತರಿಸಿರಬೇಕು, ಇಬ್ಬರ ಮೀಟರುಗಳೂ ಇಬ್ಬರಿಗೂ ಕಾಣುತ್ತಿರಬೇಕು. ಪ್ರೊಫೆಸರಮ್ಮ ಪಕ್ಕದಲ್ಲಿ ಅವರೆಕಾಳು ಸುಲಿಯುತ್ತಾ ಒಂದೇ ಒಂದು ತಿದ್ದುಪಡಿ ಹೇಳಿದರು. “‘ಸ್ನೇಹಭಾವದಿಂದ’ ಅನ್ನೋದನ್ನ ತೆಗಿ. ಸ್ನೇಹ ಕೆಟ್ಟ ದಿನವೂ ಈ ಕಾಗದ ಕೆಲಸ ಮಾಡಬೇಕು.” ತೆಗೆದರು.

ಸಹಿಯ ಸಮಾರಂಭ ಗಡಿಯ ಸ್ವಿಚ್‌ಯಾರ್ಡಿನಲ್ಲಿ. ಬೇಲಿಯೊಳಗೆ ಜಲ್ಲಿ ಹಾಸಿದ ಅಂಗಳ, ತಲೆಯ ಮೇಲೆ ಗುಂಯ್‌ಗುಡುವ ದಪ್ಪ ತಂತಿಗಳು. ಸೊಸೆ ಅತ್ತೆಯನ್ನೂ ಕರೆದುಕೊಂಡು ಹೋದಳು. ಅಲ್ಲಿ ಗೊಗ್ಗರು ದನಿಯ ಒಡೆಯರು ಸಿಕ್ಕರು. ಅಷ್ಟು ದೊಡ್ಡ ದನಿಗೆ ಅಷ್ಟು ಸಣ್ಣ ಆಳು! ಸೊಸೆಯ ಭುಜಕ್ಕೂ ಬರುತ್ತಿರಲಿಲ್ಲ. ಇಬ್ಬರೂ ಮೊದಲ ಸಲ ಮುಖ ನೋಡಿ, ಅಭ್ಯಾಸಬಲದಿಂದ “ಐವತ್ತು, ಸ್ಥಿರ” ಎಂದು ಒಬ್ಬರಿಗೊಬ್ಬರು ವರದಿ ಒಪ್ಪಿಸಿ ನಕ್ಕರು.

ಪ್ರೊಫೆಸರಮ್ಮ ಅವರನ್ನು ಸುಮ್ಮನೆ ಬಿಡಲಿಲ್ಲ. “ಒಂದು ಪ್ರಶ್ನೆ. ನಿಮಗೆ ನಮ್ಮ ಸೊಸೆ ಮೇಲೆ ಯಾಕೆ ನಂಬಿಕೆ ಬಂತು? ಮಾತು ಕೊಟ್ಟಳು ಅಂತಾನಾ?”

“ಮಾತು ಎಲ್ಲರೂ ಕೊಡ್ತಾರಮ್ಮ,” ಎಂದರು ಅವರು. “ಆಮೇಲೆ ಪತ್ರಿಕೆಯಲ್ಲಿ ಓದಿದೆ. ನನ್ನ ಊರಿಗೋಸ್ಕರ ಆಕೆ ತಮ್ಮ ಮನೆಯ ದೀಪ ಆರಿಸಿದ್ರು ಅಂತ, ಅದಕ್ಕೆ ಕುರ್ಚಿನೂ ಹೋಯ್ತು ಅಂತ. ತನಗೆ ನೋವಾಗೋ ಮಾತನ್ನ ಉಳಿಸ್ಕೊಂಡವರನ್ನ ನಂಬದೆ ಇನ್ಯಾರನ್ನ ನಂಬೋದು?”

ಪ್ರೊಫೆಸರಮ್ಮ ತಲೆದೂಗಿದರು. “ಇದು ಹತ್ತಕ್ಕೆ ಹತ್ತು,” ಎಂದರು.

ಅಷ್ಟರಲ್ಲಿ ಸಹಿ ಮುಗಿದು, ಫೋಟೊಗೆ ಎರಡು ಕಡೆಯ ಸಚಿವರೂ ಅವರ ಪರಿವಾರವೂ ತಂತಿಗಳ ಕೆಳಗೆ ಸಾಲಾಗಿ ನಿಂತಾಗಿತ್ತು. ಕಂಟ್ರೋಲ್ ರೂಮಿನ ಇಬ್ಬರನ್ನು ಕರೆಯುವುದು ಯಾರಿಗೂ ನೆನಪಾಗಿರಲಿಲ್ಲ. ಪ್ರೊಫೆಸರಮ್ಮ ಸೊಸೆಯ ಮೊಣಕೈಯನ್ನು ಒಂದು ಕೈಯಲ್ಲಿ, ಗೊಗ್ಗರಣ್ಣನ ಮೊಣಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಜಲ್ಲಿಯ ಮೇಲೆ ಚಪ್ಪಲಿ ಕರಕರ ಅನ್ನಿಸುತ್ತಾ ನೇರ ನಡೆದರು.

“ಸ್ವಲ್ಪ ಆ ಕಡೆ ಸರೀರಿ,” ಎಂದು ತಮ್ಮ ದೇಶದ ಸಚಿವರಿಗೆ ಹೇಳಿದರು. “ನೀವೂ ಸ್ವಲ್ಪ ಈ ಕಡೆ,” ಎಂದು ಕೈಸನ್ನೆಯಲ್ಲೇ ಇನ್ನೊಬ್ಬರಿಗೂ ಹೇಳಿದರು. ತರಗತಿ ನಡೆಸಿ ಪಳಗಿದ ದನಿ. ಇಬ್ಬರು ಸಚಿವರೂ ತಂತಮ್ಮ ಶಾಲೆಯ ದಿನ ನೆನಪಾದವರಂತೆ ಸರಿದರು. ನಡುವೆ ಇಬ್ಬರನ್ನೂ ನಿಲ್ಲಿಸಿ, ಸೊಸೆಯ ಸೆರಗು ಸರಿಮಾಡಿ, ತಾವು ಪಕ್ಕಕ್ಕೆ ಬಂದು ಫೋಟೊದವನಿಗೆ, “ಈಗ ತೆಗಿಯಪ್ಪ,” ಎಂದರು.

ಹಿಂದಿರುಗುವಾಗ ಕಾರಿನಲ್ಲಿ ಸೊಸೆಗೆ ನಿದ್ದೆ ಹತ್ತಿ, ತಲೆ ಅತ್ತೆಯ ಹೆಗಲಿಗೆ ಒರಗಿತು. ಡ್ರೈವರು ಕನ್ನಡಿಯಲ್ಲಿ ನೋಡಿ ಕೇಳಿದ. “ಮಗಳಾ ಅಮ್ಮ?”

“ಅಲ್ಲಪ್ಪ, ಸೊಸೆ,” ಎಂದರು ಪ್ರೊಫೆಸರಮ್ಮ. “ಮಗಳಾಗಿದ್ರೆ ಹೊಗಳೋಕೆ ಸಂಕೋಚ ಆಗ್ತಿತ್ತು. ಹೆತ್ತವಳ ಜಂಬ ಅಂತಿದ್ರು ಜನ. ಸೊಸೆ ಅಂದ್ರೆ ಆ ಕಷ್ಟ ಇಲ್ಲ. ಕೇಳು, ಹೇಳ್ತೀನಿ, ಇವಳು ಏನು ಮಾಡಿದಳು ಅಂತ. ಆದರೆ ಗಾಡಿ ಸ್ವಲ್ಪ ನಿಧಾನ ಓಡಿಸು.”

ದಾರಿ ಉದ್ದವಿತ್ತು. ಅವರು ಹೆಗಲನ್ನು ಅಲುಗಿಸದೆ, ದನಿ ತಗ್ಗಿಸಿ, ಹೇಳಲು ಶುರುಮಾಡಿದರು.